ಮಳೆ ಪುಸ್ತಕದ ಅಣ್ಣಯ್ಯ

ಸದಸ್ಯ ಬಂಧುಗಳಲ್ಲಿ ಹಲವರಿಗೆ ನಮ್ಮ ಅಣ್ಣಯ್ಯನವರ ಪರಿಚಯ ಇದ್ದೇ ಇದೆ. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಎರಡನೆಯ ಸಾಲಿನ ತುದಿಯ ಕುರ್ಚಿಯಲ್ಲಿ, ಛತ್ರಿಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂರುತ್ತಿದ್ದವರು ಅವರೇ. ಭಾಷಣಗಳಿಗೆಲ್ಲ ಕಣ್ಣು ಮುಚ್ಚಿಕೊಂಡಿದ್ದು, ಜಮಾಖರ್ಚಿನ ಪುಟ ಬಂದೊಡನೆ ಕಣ್ಣು ಬಿಟ್ಟು, ತೂಕದ ವ್ಯತ್ಯಾಸ ಯಾವ ಬಾಬತ್ತಿನಲ್ಲಿ ಸೇರಿದೆ ಎಂದು ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಮತ್ತೆ ಕೂತುಬಿಡುತ್ತಿದ್ದರು. 2023ರ ಕಾರ್ತಿಕ ಮಾಸದಲ್ಲಿ, ಮೊದಲ ಕೊಯ್ಲಿನ ಅಡಿಕೆ ಇನ್ನೂ ಅಂಗಳದಲ್ಲಿರುವಾಗಲೇ, ಅವರು ದೈವಾಧೀನರಾದರು. ಆಗ ಅವರಿಗೆ 81 ವರ್ಷ.

ಅವರ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಘದವರು ಕೇಳಿ ಬಹಳ ದಿನಗಳಾದವು. ನಾವು ಮೂವರು, ಇಬ್ಬರು ತಮ್ಮಂದಿರು ಮತ್ತು ಒಬ್ಬ ತಂಗಿ, ಕೂತು ಮಾತಾಡಿ ಇದನ್ನು ಬರೆದಿದ್ದೇವೆ. ಬರೆದ ಕೈ ಒಬ್ಬರದು, ಮಾತು ಮೂವರದು. ತಡವಾದುದಕ್ಕೆ ಕಾರಣ ಸೋಮಾರಿತನವಲ್ಲ. ಅವರ ತಿಥಿಕರ್ಮಗಳು ಮುಗಿದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿದ ಕೆಲವು ಪುಸ್ತಕಗಳನ್ನು ಓದಿದಂದಿನಿಂದ, ಮೊದಲು ಬರೆಯಬೇಕೆಂದುಕೊಂಡಿದ್ದನ್ನು ಬರೆಯಲು ನಮಗೆ ಮನಸ್ಸು ಬರಲಿಲ್ಲ. ಆ ವಿಷಯ ಮುಂದೆ ಬರುತ್ತದೆ.

ನಮ್ಮದು ಕೊಪ್ಪ ಸೀಮೆಯ ಒಂದು ಒಂಟಿ ಮನೆ. ಕೆಳಗೆ ಕಣಿವೆಯಲ್ಲಿ ಮೂರು ಎಕರೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಏರಿ ಹೋಗುವ ಗುಡ್ಡದಲ್ಲಿ ಒಂಬತ್ತು ಎಕರೆ ಕಾಫಿ, ಹಳ್ಳದಾಚೆ ಸ್ವಲ್ಪ ಗದ್ದೆ. 1969ರ ಮಳೆಗಾಲದಲ್ಲಿ ಅಪ್ಪಯ್ಯ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಾಗ ಅಣ್ಣಯ್ಯನಿಗೆ 27. ಅತ್ತಿಗೆ ತೀರ್ಥಹಳ್ಳಿ ಕಡೆಯಿಂದ ಈ ಮನೆ ತುಂಬಿ ಎರಡು ವರ್ಷವಾಗಿತ್ತು. ನಮ್ಮಲ್ಲಿ ದೊಡ್ಡವನಿಗೆ 19, ಚಿಕ್ಕವನಿಗೆ 14, ತಂಗಿಗೆ 11. ಅಪ್ಪಯ್ಯನ ಸಾಲ ಎಷ್ಟಿದೆ, ಯಾರಿಗೆ ಕೊಡಬೇಕು ಎಂಬುದು ಅಮ್ಮನಿಗೂ ಗೊತ್ತಿರಲಿಲ್ಲ. ಸಾಲ ಕೊಟ್ಟವರು ತಾವಾಗಿಯೇ ಬಂದು ಹೇಳಿದರು.

ಆಮೇಲೆ ಬಂದದ್ದು 1970-71ರ ಅಡಿಕೆ ಧಾರಣೆಯ ಕುಸಿತ. ಆ ವರ್ಷಗಳನ್ನು ಕಂಡ ಹಿರಿಯ ಸದಸ್ಯರು ಈಗ ಕೆಲವರೇ ಉಳಿದಿರಬಹುದು. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಕೊಳ್ಳುವವರಿಲ್ಲದೆ ಚೀಲ ಕಟ್ಟಿ ಇಟ್ಟುಕೊಂಡ ಕಾಲವದು. ಆ ಹೊಡೆತದಿಂದಲೇ ಎರಡು ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದ್ದು. ಅಣ್ಣಯ್ಯ ಸಹಕಾರಿಯಾದದ್ದೂ ಆಗಲೇ. "ಒಬ್ಬನೇ ಚೀಲ ಹೊತ್ತುಕೊಂಡು ಹೋದರೆ ಮಂಡಿಯವನು ಮುಖ ನೋಡಿ ದರ ಹೇಳ್ತಾನೆ, ಹತ್ತು ಜನ ಹೋದರೆ ಅಡಿಕೆ ನೋಡಿ ಹೇಳ್ತಾನೆ" ಎಂಬುದು ಅವರ ಮಾತು. ಖಾಸಗಿಯವರು ಕ್ವಿಂಟಾಲಿಗೆ ಒಂದಷ್ಟು ಹೆಚ್ಚು ಕೊಡುತ್ತೇವೆಂದು ಅಂಗಳಕ್ಕೇ ಬಂದ ವರ್ಷಗಳಲ್ಲೂ ಅವರ ಅಡಿಕೆ ಸಂಘದ ಗೋದಾಮಿಗೇ ಹೋಯಿತು. ಇದನ್ನು ನಾವು ಹುಂಬತನ ಎಂದೇ ತಿಳಿದಿದ್ದೆವು, ಎದುರಿಗೂ ಹೇಳಿದ್ದುಂಟು.

ಆ ಕಷ್ಟದ ಮೂರು ವರ್ಷಗಳಲ್ಲಿ ನಮ್ಮಲ್ಲಿ ದೊಡ್ಡವನ ಕಾಲೇಜು ನಿಲ್ಲಲಿಲ್ಲ. ಅದು ಹೇಗೆ ನಿಲ್ಲಲಿಲ್ಲವೆಂದು ನಾವು ಆಗ ಯೋಚಿಸಲಿಲ್ಲ. ಅತ್ತಿಗೆಯ ಕೈಯಲ್ಲಿದ್ದ ನಾಲ್ಕು ಚಿನ್ನದ ಬಳೆಗಳು ಗಾಜಿನ ಬಳೆಗಳಾಗಿದ್ದನ್ನು ತಂಗಿ ಮಾತ್ರ ಗಮನಿಸಿದ್ದಳು. ಕೇಳಿದ್ದಕ್ಕೆ, "ಅಡಿಕೆ ಸುಲಿಯುವಾಗ ಚಿನ್ನ ಸವೆಯುತ್ತೆ ಕಣೆ" ಎಂದಿದ್ದರಂತೆ. ಬಳೆಗಳು ಅಡವಿನಿಂದ ಬಿಡಿಸಿಕೊಂಡು ಬಂದದ್ದು 1977ರಲ್ಲಿ.

ಮಳೆ ಪುಸ್ತಕದ ಮಾತು ಹೇಳಬೇಕು. ಅಂಗಳದ ತುದಿಯಲ್ಲಿ, ಮರದ ನೆರಳು ಬೀಳದ ಜಾಗದಲ್ಲಿ ಒಂದು ಕಲ್ಲುಕಂಬ, ಅದರ ಮೇಲೆ ಮಳೆಮಾಪಕ. 1970ರ ಜನವರಿಯಿಂದ ಹಿಡಿದು ಆಸ್ಪತ್ರೆಗೆ ಹೋಗುವ ಹಿಂದಿನ ದಿನದವರೆಗೆ, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಣ್ಣಯ್ಯ ಅದನ್ನು ನೋಡಿ ಬರೆದಿದ್ದಾರೆ. ವರ್ಷಕ್ಕೊಂದು ನೋಟುಪುಸ್ತಕದಂತೆ ಒಟ್ಟು 54 ಪುಸ್ತಕಗಳು. ಸರ್ಕಾರದ ಲೆಕ್ಕವೆಲ್ಲ ಮಿಲಿಮೀಟರಿಗೆ ಬದಲಾದರೂ ಅವರು ನಮ್ಮ ಕಾಫಿಯವರ ಹಳೆಯ ಇಂಚು, ಸೆಂಟ್ಸ್ ಬಿಡಲಿಲ್ಲ. ಮಳೆಯಿಲ್ಲದ ದಿನವೂ "ಇಲ್ಲ" ಎಂದು ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೋಡಲಿಲ್ಲವೋ ಎಂಬುದು ಮುಂದೆ ಗೊತ್ತಾಗುವುದಿಲ್ಲ ಎಂಬುದು ಅವರ ವಾದ. ಮದುವೆ ಮನೆಗೆ ಹೋಗಿ ಒಂದು ರಾತ್ರಿ ಉಳಿಯಬೇಕೆಂದರೂ ಮೊದಲು ಮಳೆ ನೋಡುವವರು ಯಾರೆಂದು ಗೊತ್ತಾಗಬೇಕಿತ್ತು. ಹೀಗಾಗಿ ಅವರು ಹೆಚ್ಚು ಮದುವೆಗಳಲ್ಲಿ ಊಟಕ್ಕೆ ಮಾತ್ರ ಸಿಕ್ಕಿದ್ದಾರೆ.

ಪಕ್ಕದಲ್ಲಿ ಆ ದಿನದ ಕೆಲಸ ಒಂದೇ ಸಾಲಿನಲ್ಲಿ: ಮರಗಸಿ, ಚಿಗುರು ತೆಗೆದದ್ದು, ಬಸಿಗಾಲುವೆ ಎತ್ತಿದ್ದು, ಕೊಟ್ಟೆ ಕಟ್ಟಿದ್ದು, ಕೊಳೆ ಔಷಧಿ ಮೊದಲ ಸಲ, ಎರಡನೆಯ ಸಲ. ಹೂಮಳೆ ಬಿದ್ದ ದಿನಕ್ಕೆ ಒಂದು ಸುತ್ತು, ಅದಾದ ಮೂರು ವಾರದೊಳಗೆ ಹಿಂಬಾಲಿಸಿ ಬರಬೇಕಾದ ಮಳೆಗೆ ಇನ್ನೊಂದು ಸುತ್ತು. ಎರಡನೆಯ ಸುತ್ತು ಇಲ್ಲದ ವರ್ಷಗಳ ಪುಸ್ತಕದಲ್ಲಿ ಮುಂದಿನ ಫಸಲು ಏನಾಗಿರಬಹುದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರಿಗೆ ಸಿಟ್ಟು ಬರುತ್ತಿದ್ದುದು ಬೋರ್ಡೋ ದ್ರಾವಣ ಮಾಡುವ ದಿನ ಮಾತ್ರ. ಆ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠವೇ. ಆದರೆ ಸುಣ್ಣ ಹೊಸತೇ, ಹಳತೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಣ್ಣಯ್ಯ ತಿಕ್ಕಿ ಹೊಳಪು ಬರಿಸಿದ ಕತ್ತಿಯ ಬಾಯನ್ನು ದ್ರಾವಣದಲ್ಲಿ ಅದ್ದಿ ಹಿಡಿದು, ತೆಗೆದು ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಅಳತೆ ಸರಿಯಾಗಿದೆಯಲ್ಲ, ಕೊನೆಗಾರರು ಕಾಯುತ್ತಿದ್ದಾರೆ, ಮೋಡ ಬಂತು ಎಂದು ನಾವು ಅವಸರ ಮಾಡಿದರೆ, "ಮರದ ಮೇಲೆ ಹೋದಮೇಲೆ ಸುಣ್ಣ ಹಾಕ್ತೀಯೇನೋ?" ಎಂದು ಗದರುತ್ತಿದ್ದರು.

ಮಕ್ಕಳಾಗಲಿಲ್ಲ. ಈ ಮಾತನ್ನು ಊರಿನವರು ಆಡಿದಷ್ಟು ಅವರಿಬ್ಬರೂ ಆಡಲಿಲ್ಲ. ಇನ್ನೊಂದು ಮದುವೆಯ ಪ್ರಸ್ತಾಪವನ್ನು ನೆಂಟರೊಬ್ಬರು ಅಮ್ಮನ ಎದುರು ಎತ್ತಿದಾಗ, ಅಣ್ಣಯ್ಯ ಜಗಲಿಯಿಂದ ಎದ್ದು ಬಂದು, ನೆಂಟರ ಚೀಲವನ್ನು ತಾವೇ ಕೈಗೆತ್ತಿಕೊಂಡು, "ಕಡೇ ಬಸ್ಸಿಗೆ ಹೊತ್ತಾಯ್ತು, ಬಿಟ್ಟು ಬರ್ತೇನೆ ಬನ್ನಿ" ಎಂದು ಹೊರಟೇಬಿಟ್ಟರು. ಆಗಿನ್ನೂ ಮಧ್ಯಾಹ್ನ ಎರಡು ಗಂಟೆ. ಆ ನೆಂಟರು ಮತ್ತೆ ಬಂದದ್ದು ಅಮ್ಮ ತೀರಿಕೊಂಡಾಗಲೇ.

ಗಂಡಹೆಂಡಿರ ಸಲಿಗೆಯನ್ನು ನಾಲ್ಕು ಜನರ ಎದುರು ತೋರಿಸುವ ರೂಢಿ ನಮ್ಮ ಕಡೆ ಆಗ ಇರಲಿಲ್ಲ. ಆದರೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅತ್ತಿಗೆ ಮೆಟ್ಟುಗತ್ತಿಯ ಮುಂದೆ ಕೂತರೆ, ಅಣ್ಣಯ್ಯ ಲಾಟೀನಿನ ಪಕ್ಕದಲ್ಲಿ ಕೂತು ಎರಡು ದಿನ ಹಳೆಯದಾದ ವೃತ್ತಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಮಾರುಕಟ್ಟೆ ಧಾರಣೆ, ಅಸೆಂಬ್ಲಿಯ ಗಲಾಟೆ, ಹವಾಮಾನ, ಮದ್ರಾಸಿನ ಟೆಸ್ಟ್ ಪಂದ್ಯ, ಏನಿದ್ದರೂ ಸರಿ. ಸುಲಿಯಲು ಬಂದ ಹೆಂಗಸರೆಲ್ಲ ಕೇಳುತ್ತಿದ್ದರು. ನಾವು ಅದನ್ನು ಆಳುಗಳು ತೂಕಡಿಸದಿರಲೆಂದು ಮಾಡುವ ಉಪಾಯವೆಂದುಕೊಂಡಿದ್ದೆವು. ಅತ್ತಿಗೆಗೆ ಶಾಲೆ ನಾಲ್ಕನೆಯ ತರಗತಿಗೇ ನಿಂತಿತ್ತೆಂಬುದೂ, ಪತ್ರಿಕೆ ಓದುವ ಆಸೆ ಅವರಿಗೆ ಬಹಳವಿತ್ತೆಂಬುದೂ, ಹಗಲೆಲ್ಲ ಅವರ ಕೈ ಬಿಡುವಿರುತ್ತಿರಲಿಲ್ಲವೆಂಬುದೂ ನಮಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅತ್ತಿಗೆಯ ಕಣ್ಣಿನ ಪೊರೆ ತೆಗೆಸಿದ ವರ್ಷ, ಮೊದಲ ವಾರ ಅವರಿಗೆ ಒಲೆಯ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರು. 70 ದಾಟಿದ ಅಣ್ಣಯ್ಯ ಆ ವಾರ ಅಡುಗೆ ಮನೆಗೆ ಹೊಕ್ಕು ಅನ್ನ, ಸಾರು, ಒಂದು ಬಗೆಯ ಗೊಜ್ಜು ಕಲಿತರು. ಏಳು ದಿನವೂ ಅದೇ ಗೊಜ್ಜು. ಅತ್ತಿಗೆ ಈಗಲೂ ಅದನ್ನು ನೆನೆದು ನಗುತ್ತಾರೆ.

ಇಷ್ಟು ಕಾಫಿ ಬೆಳೆದ ಮನುಷ್ಯ ದಿನಕ್ಕೆ ಒಂದು ಲೋಟ ಕಾಫಿ ಕುಡಿಯುತ್ತಿದ್ದರು. ಉಳಿದ ಹೊತ್ತೆಲ್ಲ ಕೊತ್ತಂಬರಿ ಜೀರಿಗೆ ಕಷಾಯ. ಕೇಳಿದರೆ, ಪೂಲ್ ಕಾಲದಿಂದ ಬಂದ ಅಭ್ಯಾಸ ಎನ್ನುತ್ತಿದ್ದರು. ಹಳಬರಿಗೆ ನೆನಪಿದೆ, ಆಗ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು, ಮನೆ ಬಳಕೆಗೂ ಬಿತ್ತನೆಗೂ ಇಷ್ಟು ಎಂದು ಮಾತ್ರ ಇಟ್ಟುಕೊಳ್ಳಬಹುದು, ಹಣ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ವರ್ಷಗಟ್ಟಲೆ ಬರುತ್ತಿತ್ತು. ಯಾವ ಕಂತು ಯಾವ ವರ್ಷದ ಫಸಲಿನದು ಎಂಬುದು ಅಣ್ಣಯ್ಯನ ಪುಸ್ತಕ ನೋಡಿದರೆ ಮಾತ್ರ ತಿಳಿಯುತ್ತಿತ್ತು.

ನಮ್ಮ ಮಕ್ಕಳು ಒಟ್ಟು ಏಳು ಜನ. ನಮ್ಮಿಬ್ಬರ ಐವರಿಗೆ ಅವರು ದೊಡ್ಡಪ್ಪ, ತಂಗಿಯ ಇಬ್ಬರಿಗೆ ಮಾವ. ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ದೊಡ್ಡಪ್ಪನ ಮನೆಯೇ ಹಾಸ್ಟೆಲು. ಅವರು ಪಾಠ ಹೇಳಿಕೊಟ್ಟದ್ದನ್ನು ನಾವು ಕಂಡಿಲ್ಲ. ಮಳೆ ಅಳೆಯಲು ಕಳಿಸುತ್ತಿದ್ದರು, ತಪ್ಪು ಓದಿದರೆ ಮತ್ತೆ ಕಳಿಸುತ್ತಿದ್ದರು. ಅರೇಬಿಕಾ ಗಿಡದ ಕಾಂಡದ ಮೇಲೆ ಬಿಳಿ ಕಾಂಡಕೊರಕದ ದುಂಬಿ ಹಿಡಿದು ತಂದರೆ ಒಂದಕ್ಕೆ ಹತ್ತು ಪೈಸೆ. ಕೊಟ್ಟ ಹತ್ತು ಪೈಸೆಯೂ ಪುಸ್ತಕದಲ್ಲಿ ಮಗುವಿನ ಹೆಸರಿನೊಡನೆ ಇದೆ. ಒಂದೇ ದುಂಬಿಯನ್ನು ಎರಡು ಸಲ ತೋರಿಸಿ ಇಪ್ಪತ್ತು ಪೈಸೆ ಹೊಡೆದ ಹುಡುಗಿಯ ಹೆಸರಿನ ಮುಂದೆ "ಎರಡನೆಯದು ಹಳೆಯದೇ, ಇರಲಿ" ಎಂದು ಬರೆದಿದ್ದಾರೆ. ಆಕೆ ಇಂದು ಬ್ಯಾಂಕಿನಲ್ಲಿ ಅಧಿಕಾರಿ. ಈ ಸಾಲು ಓದಿ ಅವಳು ನಕ್ಕಿದ್ದಕ್ಕಿಂತ ಅತ್ತದ್ದೇ ಹೆಚ್ಚು.

ಇನ್ನು ಹಿಸ್ಸೆಯ ವಿಷಯ. ಬರೆಯಲು ಸಂಕೋಚವಿದೆ. ಆದರೆ ಈ ಪತ್ರಿಕೆ ಓದುವವರ ಮನೆಗಳಲ್ಲಿ ಹಿಸ್ಸೆಯಾಗದ ಮನೆ ಎಷ್ಟಿವೆ? ಆದ್ದರಿಂದ ಬರೆಯುತ್ತೇವೆ.

1987ರಲ್ಲಿ ಅಮ್ಮ ಹೋದರು. ಮರುವರ್ಷ ನಾವಿಬ್ಬರು ತಮ್ಮಂದಿರು ಪಾಲು ಕೇಳಿದೆವು. ಮಕ್ಕಳು ಬೆಳೆಯುತ್ತಿದ್ದರು, ಒಂದೇ ಒಲೆ ಸಾಕಾಗುತ್ತಿರಲಿಲ್ಲ, ಜಗಳವೇನೂ ಇರಲಿಲ್ಲ. ಊರಿನ ಇಬ್ಬರು ಹಿರಿಯರು ಜಗಲಿಯಲ್ಲಿ ಕೂತರು. ದೊಡ್ಡವರು ಮಾತು ತೆಗೆಯುವ ಮೊದಲೇ ಅಣ್ಣಯ್ಯ ಹೇಳಿದ್ದು ಇಷ್ಟೇ: "ಮನೆ ಮತ್ತು ಕೆಳಗಿನ ತೋಟ ನನಗಿರಲಿ. ಗುಡ್ಡದ ಕಾಫಿ, ಗದ್ದೆ ಅವರಿಬ್ಬರಿಗೆ ಸಮನಾಗಿ ಹೋಗಲಿ."

ಇಂದು ಕೇಳಿದವರಿಗೆ ಇದರಲ್ಲಿ ಏನೂ ತಪ್ಪು ಕಾಣಲಿಕ್ಕಿಲ್ಲ. ಆದರೆ 1988ರಲ್ಲಿ ಕೈಗೆ ರೊಕ್ಕ ಕೊಡುವುದು ಅಡಿಕೆ. ಕಾಫಿಯೆಂದರೆ ಪೂಲಿಗೆ ಹಾಕಿ ಕಂತಿಗೆ ಕಾಯುವ ಬೆಳೆ. ಅಪ್ಪಯ್ಯ ನೆಟ್ಟು ಬೆಳೆಸಿದ, ಫಸಲಿನ ತುಂಬು ಪ್ರಾಯದ ತೋಟ, ನೀರು, ಮನೆ, ಅಂಗಳ, ಕಣ ಎಲ್ಲವನ್ನೂ ಮಕ್ಕಳಿಲ್ಲದ ಅಣ್ಣಯ್ಯ ತಾನೇ ಇಟ್ಟುಕೊಂಡು, ಮಕ್ಕಳೊಂದಿಗರಾದ ನಮ್ಮನ್ನು ಗುಡ್ಡ ಹತ್ತಿಸಿದರು ಎಂದು ನಮಗೆ ಅನ್ನಿಸಿತು. ಅನ್ನಿಸಿತು ಎನ್ನುವುದು ಮೆದುವಾದ ಮಾತು. ನಮ್ಮಲ್ಲಿ ದೊಡ್ಡವನು ಎದ್ದು ನಿಂತು, "ಅಪ್ಪಯ್ಯನ ಜಾಗದಲ್ಲಿ ಕೂತದ್ದಕ್ಕೆ ಬಡ್ಡಿ ಹಾಕಿ ವಸೂಲಿ ಮಾಡಿದ್ರಿ" ಎಂದುಬಿಟ್ಟ. ಅಣ್ಣಯ್ಯ ಉತ್ತರ ಕೊಡಲಿಲ್ಲ. ಕಾಗದಕ್ಕೆ ಸಹಿ ಬಿತ್ತು. ಆ ಮೇಲೆ ಎರಡು ವರ್ಷ ಅವನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಕ್ಕಳು ಮಾತ್ರ ಯಾರನ್ನೂ ಕೇಳದೆ ಗುಡ್ಡದಿಂದ ಇಳಿದು ಹೋಗಿ ಗಣಪತಿ ಹಬ್ಬದ ಕಡುಬು ತಿಂದು ಬರುತ್ತಿದ್ದರು. ಅತ್ತಿಗೆ ಅವರ ಕೈಯಲ್ಲಿ ನಮಗೂ ಕಳಿಸುತ್ತಿದ್ದರು. ತಿಂದೆವು.

ತಂಗಿಗೆ ಆ ಕಾಗದದಲ್ಲಿ ಏನೂ ಇರಲಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಪಾಲಿನ ಕಾನೂನು ನಮ್ಮ ರಾಜ್ಯದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ನಾವು ಗಂಡುಮಕ್ಕಳಿಬ್ಬರೂ ಆಗ ಅವಳ ಮಾತೇ ಎತ್ತಲಿಲ್ಲ, ಇದನ್ನು ಅವಳ ಎದುರೇ ಬರೆಯುತ್ತಿದ್ದೇವೆ. ಅಣ್ಣಯ್ಯ ಮಾತ್ರ ಪ್ರತಿ ವರ್ಷ ಅಡಿಕೆ ಮಾರಿದ ವಾರದಲ್ಲಿ ಅರಶಿನ ಕುಂಕುಮಕ್ಕೆಂದು ಅವಳ ಮನೆಗೆ ಹೋಗಿ ಲಕೋಟೆ ಕೊಟ್ಟು ಬರುತ್ತಿದ್ದರು. ಅದು ಅರಶಿನ ಕುಂಕುಮದ ಮೊತ್ತವಲ್ಲ. ಆ ವರ್ಷದ ಮಾರಾಟದ ನಾಲ್ಕನೆಯ ಒಂದು ಪಾಲು ಎಂದು ಪುಸ್ತಕ ನೋಡಿದ ಮೇಲೆ ತಿಳಿಯಿತು. ತೋಟ ಒಣಗಿದ ವರ್ಷಗಳಲ್ಲೂ ಅದು ನಾಲ್ಕನೆಯ ಒಂದೇ, ಮೊತ್ತ ಚಿಕ್ಕದಾಗಿತ್ತು ಅಷ್ಟೆ.

ತೋಟ ಒಣಗಿದ್ದು ಹಳದಿ ಎಲೆ ರೋಗದಿಂದ. ಶೃಂಗೇರಿ, ಕೊಪ್ಪ ಕಡೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ, ಬೇರೆ ಕಡೆಯ ಸದಸ್ಯರಿಗಾಗಿ ಎರಡು ಮಾತು. ಮಳೆ ಬಿಟ್ಟ ಮೇಲೆ ಸೋಗೆಯ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ. ನೀರಿಲ್ಲವೇನೋ, ಗೊಬ್ಬರ ಸಾಲದೇನೋ ಎಂದು ಮೊದಲು ಎಲ್ಲರೂ ಮೋಸಹೋಗುವವರೇ. ಬರಬರುತ್ತ ಸೋಗೆ ಗಿಡ್ಡವಾಗುತ್ತದೆ, ಹರಳು ಉದುರುತ್ತದೆ, ಬಲಿತ ಕಾಯಿಯ ಒಳಗಿನ ಬೀಜ ಕಪ್ಪಗಾಗಿ ಮೆತ್ತಗಿರುತ್ತದೆ. ಮರ ಒಂದೇ ಸಲ ಸಾಯುವುದಿಲ್ಲ. ಐದು ವರ್ಷ, ಎಂಟು ವರ್ಷ ಹಾಗೆಯೇ ಬಡಕಲಾಗಿ ನಿಂತು ಯಜಮಾನನಿಗೆ ಆಸೆ ತೋರಿಸುತ್ತದೆ. ಫೈಟೋಪ್ಲಾಸ್ಮ ಎಂಬ ಅತಿ ಸೂಕ್ಷ್ಮಜೀವಿ ಇದಕ್ಕೆ ಕಾರಣವೆಂದೂ, ರಸ ಹೀರುವ ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆಂದೂ ವಿಜ್ಞಾನಿಗಳು ಹೇಳುತ್ತಾರೆ. ಸಿಂಪಡಿಸಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಬಸಿಗಾಲುವೆ ಚೆನ್ನಾಗಿಟ್ಟು, ಸುಣ್ಣ ಗೊಬ್ಬರ ಕೊಟ್ಟು, ನಡುವೆ ಬೇರೆ ಬೆಳೆ ಹಾಕಿಕೊಂಡು ಇದ್ದಷ್ಟು ದಿನ ಫಸಲು ತೆಗೆಯುವುದೇ ದಾರಿ.

1990ರ ಹೊತ್ತಿಗೆ ಕೆಳಗಿನ ತೋಟದ ಬಣ್ಣ ಗುಡ್ಡದ ಮೇಲಿಂದ ನೋಡಿದರೇ ತಿಳಿಯುತ್ತಿತ್ತು. ಮಾತು ಬಿಟ್ಟವನು ಮಾತಾಡಿಸಲು ಇಳಿದು ಹೋದದ್ದು ಆಗಲೇ. ನಿಜ ಹೇಳಬೇಕೆಂದರೆ, ಅವನ ಮನಸ್ಸಿನಲ್ಲಿ ಮರುಕದೊಂದಿಗೆ "ಆಗಬೇಕಾದ್ದೇ" ಎಂಬ ಒಂದು ಕೆಟ್ಟ ಸಮಾಧಾನವೂ ಇತ್ತು. ಅವನೇ ಇದನ್ನು ಬರೆಯಲು ಹೇಳಿದ್ದಾನೆ. ಅಣ್ಣಯ್ಯ ಏನೂ ಆಗಿಲ್ಲವೆಂಬಂತೆ ಕಷಾಯ ತರಲು ಕೂಗಿ, ಗುಡ್ಡದ ಗಿಡಗಳಿಗೆ ಈ ವರ್ಷ ಮರಗಸಿ ಆಯಿತೇ ಎಂದು ಕೇಳಿದರು.

1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಗಿಡಗಳು ಸುಟ್ಟುಹೋದವು. ಪೂಲಿನ ಬಿಗಿ ಅಷ್ಟರಲ್ಲಿ ಸಡಿಲವಾಗುತ್ತ ಬಂದಿತ್ತು; 1995ರಲ್ಲಿ ಸಣ್ಣ ಬೆಳೆಗಾರರಿಗೂ, 1996ರಲ್ಲಿ ಎಲ್ಲರಿಗೂ ಪೂರ್ತಿ ಬಿಡುಗಡೆಯಾಯಿತು. ನಮ್ಮ ಗುಡ್ಡದ ಕಾಫಿಗೆ ಕನಸಿನಲ್ಲಿಯೂ ಕಾಣದ ದರ ಬಂತು. ನಾವಿಬ್ಬರೂ ಮನೆ ಕಟ್ಟಿದೆವು, ಒಂದು ಜೀಪು ಕೊಂಡೆವು. ಜೀಪಿನ ಚಕ್ರದಡಿ ನಿಂಬೆಹಣ್ಣು ಇಟ್ಟದ್ದು ಅಣ್ಣಯ್ಯ. ಅದೇ ವರ್ಷ ಅವರು ಕೆಳಗಿನ ತೋಟದಲ್ಲಿ ಪೂರ್ತಿ ಕೆಟ್ಟ ಮರಗಳನ್ನು ಕಡಿಸಿ, ಬಸಿಗಾಲುವೆಗಳನ್ನು ಒಂದು ಮೊಳ ಆಳ ಮಾಡಿಸಿ, ನಡುವೆ ಸಿ×ಆರ್ ರೊಬಸ್ಟ ಸಸಿ ಇಟ್ಟರು. ಉಳಿದ ಅಡಿಕೆ ಮರಗಳಿಗೂ ಅಂಚಿನ ಹಾಲವಾಣಗಳಿಗೂ ಕಾಳುಮೆಣಸಿನ ಬಳ್ಳಿ ಹಬ್ಬಿಸಿದರು. ಅಪ್ಪಯ್ಯ ನೆಟ್ಟ ಮೊದಲ ಮರಕ್ಕೆ ಕೊಡಲಿ ಬೀಳುವಾಗ ಅವರು ಅಲ್ಲಿರಲಿಲ್ಲ. ಸಂಘದ ಕೆಲಸವಿದೆಯೆಂದು ಕೊಪ್ಪಕ್ಕೆ ಹೋಗಿದ್ದರು. ಆ ದಿನ ಭಾನುವಾರ.

2001-02ರಲ್ಲಿ ಕಾಫಿ ಧಾರಣೆ ಪಾತಾಳ ಕಂಡಾಗ ನಮ್ಮಲ್ಲಿ ಚಿಕ್ಕವನು ಗಿಡ ಕಿತ್ತು ಅಡಿಕೆ ಹಾಕುವ ಯೋಚನೆ ಮಾಡಿದ್ದ. ಅಣ್ಣಯ್ಯ ಗುಡ್ಡ ಹತ್ತಿ ಬಂದು, "ಎಂತ ಮಾರಾಯ, ಗುಡ್ಡದ ಮೇಲೆ ಅಡಿಕೆಗೆ ನೀರು ನಿನ್ನ ಜೀಪಿನಲ್ಲಿ ತರ್ತೀಯಾ?" ಎಂದು ಕೇಳಿ, ಎರಡು ವರ್ಷದ ಮರಗಸಿ ಖರ್ಚಿಗೆಂದು ಮೆಣಸು ಮಾರಿದ ಹಣ ಇಟ್ಟು ಹೋದರು. ಗಿಡಗಳು ಇಂದಿಗೂ ಇವೆ. ಆ ಹಣ ವಾಪಸು ಕೊಟ್ಟೆವೋ ಇಲ್ಲವೋ ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಈಗಲೂ ಒಮ್ಮತವಿಲ್ಲ. ಅವರ ಪುಸ್ತಕದಲ್ಲಿ ಕೊಟ್ಟದ್ದರ ನಮೂದೂ ಇಲ್ಲ, ಬಂದದ್ದರ ನಮೂದೂ ಇಲ್ಲ.

ಕೊನೆಯ ವರ್ಷಗಳಲ್ಲಿ ಅವರಿಗೆ ಜೊತೆಯಾದವನು ಚಿಕ್ಕವನ ಮಗ. 2020ರಲ್ಲಿ ಕೊರೋನಾ ಬಂದು ಬೆಂಗಳೂರಿನ ಕಛೇರಿಗಳು ಮುಚ್ಚಿದಾಗ ಊರಿಗೆ ಬಂದ ಹುಡುಗ, ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಮಾತ್ರ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ಅಲ್ಲಿ ಠಿಕಾಣಿ ಹೂಡಿದ. ಹಗಲು ಕಂಪ್ಯೂಟರು, ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ. ಫೈಬರ್ ದೋಟಿ ತರಿಸಿ, ಕೊನೆಗಾರರಿಗೆ ಕಾಯದೆ ನೆಲದಿಂದಲೇ ಔಷಧಿ ಹೊಡೆಯಬಹುದೆಂದು ತೋರಿಸಿದ. ಅಣ್ಣಯ್ಯ ದೋಟಿಯನ್ನು ಒಪ್ಪಿಕೊಂಡರು, ಆದರೆ ಕತ್ತಿ ಅದ್ದಿ ನೋಡುವುದನ್ನು ಬಿಡಲು ಒಪ್ಪಲಿಲ್ಲ. ಎಲೆಚುಕ್ಕಿ ರೋಗ ನಮ್ಮ ಸೀಮೆಗೆ ಬಂದಾಗ, ಉಳಿದಿದ್ದ ಅಡಿಕೆ ಮರಗಳ ಸೋಗೆ ನೋಡುತ್ತ, "ಇದನ್ನು ನೀನು ನೋಡಿಕೋ, ನಾನು ಹಳದಿ ನೋಡಿ ಆಯ್ತು" ಎಂದು ಅವನಿಗೆ ಹೇಳಿದರಂತೆ.

ಪೆಟ್ಟಿಗೆಯ ಪುಸ್ತಕಗಳನ್ನು ಮೊದಲು ತೆಗೆದು ನೋಡಿದವನೂ ಅವನೇ. ಹಳೆಯ ಮಳೆ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಕೂತಿದ್ದ. ಒಂದು ಸಂಜೆ 1985, 1986, 1987ರ ಮೂರು ಪುಸ್ತಕಗಳನ್ನು ಹಿಡಿದುಕೊಂಡು ಗುಡ್ಡ ಹತ್ತಿ ಬಂದು, ಏನೂ ಹೇಳದೆ ನಮ್ಮ ಮುಂದೆ ಇಟ್ಟ. ಮೂರರಲ್ಲೂ ಕೊನೆಯ ಪುಟದಲ್ಲಿ ಕೆಳಗಿನ ತೋಟದ ನಕ್ಷೆ, ಸಾಲು ಸಾಲಾಗಿ ಮರಗಳಿಗೊಂದೊಂದು ಚುಕ್ಕೆ. ಕೆಲವು ಚುಕ್ಕೆಗಳ ಮೇಲೆ ಕೆಂಪು ಪೆನ್ಸಿಲಿನ ಗುರುತು. 1985ರಲ್ಲಿ ಹಳ್ಳದ ಬದಿಯಲ್ಲಿ 14. ಮರುವರ್ಷ 41. 1987ರ ಡಿಸೆಂಬರಿನಲ್ಲಿ 103. ಕೆಳಗೆ ಒಂದು ಸಾಲು: "ಶೃಂಗೇರಿ ಕಡೆ ನೋಡಿ ಬಂದೆ. ಅದೇ. ಉಪಾಯವಿಲ್ಲ."

ಹಿಸ್ಸೆಯಾದದ್ದು 1988ರ ಮಾರ್ಚಿಯಲ್ಲಿ.

ನಾವಿಬ್ಬರೂ ಆ ರಾತ್ರಿಯೇ ಕೆಳಗೆ ಇಳಿದು ಹೋದೆವು. ಅತ್ತಿಗೆ ದೇವರಿಗೆ ದೀಪ ಹಚ್ಚಿ ಜಗಲಿಯಲ್ಲಿ ಕೂತಿದ್ದರು. ಪುಸ್ತಕ ತೋರಿಸಿ, "ಗೊತ್ತಿದ್ದೂ ತಗೊಂಡ್ರಾ ಅತ್ತಿಗೆ?" ಎಂದು ಕೇಳಿದೆವು. ಅವರಿಗೆ ನಮ್ಮ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು.

"ಯಾರಾದ್ರೂ ಒಬ್ರು ತಗೋಬೇಕಿತ್ತಲ್ಲೋ," ಎಂದರು. "ಇವರೊಬ್ಬರೇ ಅಲ್ಲ, ನನ್ನನ್ನೂ ಕೇಳಿದ್ರು. ಮಕ್ಕಳಿದ್ದವರಿಗೆ ಒಣಗುವ ತೋಟ ಹೆಂಗೆ ಕೊಡೋದು ಅಂದ್ರು. ಕೊಡೋದು ಬೇಡ ಅಂದೆ."

ಆಗ ಯಾಕೆ ಹೇಳಲಿಲ್ಲ, ಅಷ್ಟು ಮಾತು ಕೇಳಿಸಿಕೊಂಡು ಸುಮ್ಮನೆ ಯಾಕಿದ್ದರು ಎಂದು ನಮ್ಮಲ್ಲಿ ದೊಡ್ಡವನು ಕೇಳಿದ. ಅವನ ದನಿ ಸರಿ ಇರಲಿಲ್ಲ.

"ಹೇಳಿದ್ರೆ ನೀವು ತಗೊಳ್ಳಿಕ್ಕೆ ಬಿಡ್ತಿದ್ರಾ? ಮೂರೂ ಪಾಲಿಗೆ ಸ್ವಲ್ಪ ಸ್ವಲ್ಪ ಹಳದಿ ಹಂಚಿಕೊಳ್ತಿದ್ರಿ" ಎಂದು ಅತ್ತಿಗೆ ಎದ್ದು ಕಷಾಯಕ್ಕೆ ನೀರಿಡಲು ಒಳಗೆ ಹೋದರು. ನಾವು ತಡೆಯುತ್ತಿದ್ದೆವೇ ಎಂಬುದು ನಮಗೆ ಅಷ್ಟು ಖಾತ್ರಿಯಿಲ್ಲ.

ಕೆಳಗಿನ ತೋಟದಲ್ಲಿ ಈಗ ಅಡಿಕೆ ಮರಗಳು ಮೊದಲಿನ ಕಾಲುಭಾಗವೂ ಇಲ್ಲ. ರೊಬಸ್ಟ ಚೆನ್ನಾಗಿದೆ, ಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಒಂದಷ್ಟು ಹೋಗಿ ಒಂದಷ್ಟು ಉಳಿದಿವೆ. ಸಂಘದಲ್ಲಿ ಅಣ್ಣಯ್ಯನವರ ಷೇರು ಅತ್ತಿಗೆಯ ಹೆಸರಿಗೆ ಆಗಿದೆ. ಕಳೆದ ಮಹಾಸಭೆಗೆ ಅವರನ್ನು ಕರೆದುಕೊಂಡು ಬಂದಿದ್ದೆವು. ಎರಡನೆಯ ಸಾಲಿನ ತುದಿಯ ಕುರ್ಚಿಯನ್ನು ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟರು, ಅವರಿಗೆ ನಮ್ಮ ನಮಸ್ಕಾರ.

ಮಳೆ ಪುಸ್ತಕ ನಿಂತಿಲ್ಲ. ಆಸ್ಪತ್ರೆಯ ಒಂಬತ್ತು ದಿನಗಳು ಮಾತ್ರ ಖಾಲಿ. ಹತ್ತನೆಯ ದಿನದಿಂದ ಅಕ್ಷರ ಬೇರೆ: ದೊಡ್ಡದಾಗಿ, ಒಂದೊಂದೇ ಗೆರೆ ಎಳೆದು ಬರೆದ, ನಾಲ್ಕನೆಯ ತರಗತಿಯ ಅಕ್ಷರ. ಹುಡುಗ ಮನೆಯಲ್ಲಿದ್ದರೂ ಎಂಟೂವರೆಗೆ ಅಂಗಳದ ತುದಿಗೆ ಹೋಗುವವರು ಅತ್ತಿಗೆಯೇ. ಮೊನ್ನೆ ಹೂಮಳೆ ಬಿದ್ದ ಮರುದಿನ ನಾವು ಇಳಿದು ಹೋಗುವ ಹೊತ್ತಿಗೆ ಅವರು ಮಾಪಕದ ನೀರು ಚೆಲ್ಲಿ, ಸೆರಗಿನಿಂದ ಅದನ್ನು ಒರೆಸುತ್ತಿದ್ದರು.

"ಇಲ್ಲಿ ತೊಂಬತ್ತು ಸೆಂಟ್ಸ್," ಎಂದರು. "ಗುಡ್ಡದಲ್ಲಿ ಎಷ್ಟು ಬಂತು?"